ಸ್ಲಿಪ್ಪಿನಲ್ಲಿ ನಿಂತ ನಾಯಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಿರಿಯರಲ್ಲಿ ಬಹುಮಂದಿಗೆ ಜಿ. ಆರ್. ವಿಶ್ವನಾಥರ ಆಟ ಮೊದಲು ಪರಿಚಯವಾದದ್ದು ಕಣ್ಣಿಗಲ್ಲ, ರೇಡಿಯೋ ಮೂಲಕ ಕಿವಿಗೆ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಈ ಕುಳ್ಳಗಿನ ಆಟಗಾರ 91 ಟೆಸ್ಟುಗಳಲ್ಲಿ 6,080 ರನ್ ಗಳಿಸಿದರು; 63 ಕ್ಯಾಚು ಹಿಡಿದರು.

1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆ. ಮರು ಸರದಿಯಲ್ಲಿ 137. 1974ರ ರಣಜಿ ಸೆಮಿಫೈನಲಿನಲ್ಲಿ ಅವರ 162, ಸತತ ಹದಿನೈದು ವರ್ಷ ಪ್ರಶಸ್ತಿ ಗೆದ್ದಿದ್ದ ಮುಂಬಯಿಯನ್ನು ಮಣಿಸಲು ನೆರವಾಯಿತು. 1975ರಲ್ಲಿ ಮದರಾಸಿನಲ್ಲಿ ರಾಬರ್ಟ್ಸ್ 7 ವಿಕೆಟ್ ಕಿತ್ತಾಗ, ತಂಡದ 190ರಲ್ಲಿ ಇವರದೇ ಅಜೇಯ 97.

ಆದರೆ ನನ್ನ ಮನಸ್ಸು ನಿಲ್ಲುವುದು 1980ರ ಫೆಬ್ರವರಿಯಲ್ಲಿ, ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ. ಇಂಗ್ಲೆಂಡಿನ ಐದು ವಿಕೆಟ್ ಉರುಳಿದ್ದವು. ಅಂಪೈರ್ ಬಾಬ್ ಟೇಲರರನ್ನು ಔಟೆಂದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ನಾಯಕ ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಟೇಲರರನ್ನು ಮರಳಿ ಕರೆಸಿದರು. ಟೇಲರ್ 43, ಬೋಥಮ್ 114. ಇಬ್ಬರೂ ಸೇರಿ 171 ರನ್ ಕೂಡಿಸಿದರು. ಬೋಥಮ್ 13 ವಿಕೆಟನ್ನೂ ಪಡೆದರು. ಭಾರತ ಹತ್ತು ವಿಕೆಟುಗಳಿಂದ ಸೋತಿತು.

ನಾಯಕನ ಔದಾರ್ಯಕ್ಕೆ ತಂಡವೇಕೆ ಬೆಲೆ ತೆರಬೇಕು ಎನ್ನುವವರಿದ್ದಾರೆ. ಅದು ಔದಾರ್ಯವಲ್ಲ, ಸತ್ಯಕ್ಕೆ ಸಲ್ಲಬೇಕಾದ ಋಣ ಎಂದೇ ನನ್ನ ಅಭಿಪ್ರಾಯ. ತಮ್ಮದಲ್ಲದ ವಿಕೆಟನ್ನು ಅವರು ಹಿಂದಿರುಗಿಸಿದರು, ಅಷ್ಟೇ.