ಹುರುಪೆ ನೋಡಿ ಕುಲ ಹೇಳಿದವನ ಕತೆ

ಮೀನು ಮಾರ್ಕೆಟ್ಟಿನಲ್ಲಿ ಕೆರೆದು ಬಿಸಾಡುವ ಹುರುಪೆಗೂ ಒಂದು ರಾಜಕೀಯ ಚರಿತ್ರೆ ಇದೆ ಅಂದರೆ ನಂಬ್ತೀರಾ? ಮೊದಲು ವಿಜ್ಞಾನ ನೋಡೋಣ, ರಾಜಕೀಯ ಅದರ ಹಿಂದೆಯೇ ಬರುತ್ತೆ.

ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಬಗ್ಗೆ ದೊಡ್ಡ ಗ್ರಂಥವನ್ನು ಕಂತುಗಳಲ್ಲಿ ಪ್ರಕಟಿಸಿದ. ಕಲ್ಲಿನಲ್ಲಿ ಗಟ್ಟಿ ಹುರುಪೆ ಚೆನ್ನಾಗಿ ಉಳಿಯುತ್ತದೆ. ಹಾಗಾಗಿ ಹುರುಪೆಯನ್ನೇ ಆಧಾರ ಮಾಡಿಕೊಂಡು ಎಲ್ಲಾ ಮೀನುಗಳನ್ನು ನಾಲ್ಕು ಗುಂಪು ಮಾಡಿದ.

ಪ್ಲಕಾಯ್ಡ್: ಶಾರ್ಕ್, ತೊರಕೆಗಳದ್ದು. ಇದರ ರಚನೆ ಥೇಟ್ ಹಲ್ಲಿನಂತೆ. ಶಾರ್ಕ್ ಈಜುವಾಗ ನೀರಿನ ಎಳೆತವನ್ನು ಇದು ತಗ್ಗಿಸುತ್ತದೆ. ಮೀನು ಬೆಳೆದರೂ ಈ ಹುರುಪೆ ದೊಡ್ಡದಾಗುವುದಿಲ್ಲ, ಹೊಸವು ಸೇರಿಕೊಳ್ಳುತ್ತವೆ.

ಗ್ಯಾನಾಯ್ಡ್: ಉತ್ತರ ಅಮೆರಿಕದ ಗಾರ್ ಮೀನಿನದ್ದು. ವಜ್ರಾಕಾರ, ದಪ್ಪ, ಒಂದಕ್ಕೊಂದು ಕೊಂಡಿ ಹಾಕಿದಂತಹ ಕವಚ. ಅಲ್ಲಿನ ಮೂಲನಿವಾಸಿಗಳು ಇದನ್ನು ಬಾಣದ ಮೊನೆಗೆ ಬಳಸುತ್ತಿದ್ದರು.

ಸೈಕ್ಲಾಯ್ಡ್: ತೆಳು, ದುಂಡು, ನುಣುಪು. ರೋಹು, ಕಾಟ್ಲಾ, ಬೂತಾಯಿಗಳದ್ದು.

ಟೀನಾಯ್ಡ್: ಹಿಂಬದಿಯ ಅಂಚಿನಲ್ಲಿ ಬಾಚಣಿಗೆಯಂತಹ ಸಣ್ಣ ಹಲ್ಲುಗಳು. ಕರಾವಳಿಯ ಕಾಣೆ ಮೀನನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಕೈಗೆ ತರಿತರಿ ಎನ್ನುವುದು ಇದೇ.

ನಂತರದ ವಿಜ್ಞಾನಿಗಳು ಪ್ರಾಚೀನ ಮೀನುಗಳ ಕಾಸ್ಮಾಯ್ಡ್ ಎಂಬ ಐದನೆಯ ಬಗೆಯನ್ನೂ ಗುರುತಿಸಿದರು.

ಹುರುಪೆಯ ಕೆಲಸ ಬರೀ ರಕ್ಷಣೆಯಲ್ಲ. ಸೈಕ್ಲಾಯ್ಡ್, ಟೀನಾಯ್ಡ್ ಹುರುಪೆಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತಿರುವುದರಿಂದ ಕವಚವೂ ಸಿಗುತ್ತದೆ, ಮೈ ಬಳುಕುವುದಕ್ಕೂ ಅಡ್ಡಿಯಿಲ್ಲ. ಬಹಳಷ್ಟು ಮೀನುಗಳ ಪಕ್ಕೆಯ ಉದ್ದಕ್ಕೂ ರಂಧ್ರವಿರುವ ಹುರುಪೆಗಳ ಸಾಲು ಇರುತ್ತದೆ, ನೀರಿನ ಕಂಪನ ತಿಳಿಯುವುದು ಅಲ್ಲಿಂದ. ಸಾಲ್ಮನ್ ಮೊಟ್ಟೆಯಿಡಲು ನದಿಯೇರುವಾಗ ಹುರುಪೆಯಲ್ಲಿರುವ ಕ್ಯಾಲ್ಸಿಯಂ ಅನ್ನೂ ದೇಹ ಕರಗಿಸಿ ಬಳಸಿಕೊಳ್ಳುತ್ತದೆ. ಚಳಿ ಪ್ರದೇಶದ ಮೀನುಗಳ ಹುರುಪೆಯ ಉಂಗುರಗಳನ್ನು ಎಣಿಸಿ ವಯಸ್ಸನ್ನೂ ಹೇಳಬಹುದು.

ಅಗಾಸಿಯ ವರ್ಗೀಕರಣ ಮಾತ್ರ ನಿಲ್ಲಲಿಲ್ಲ. ಕೆಲವು ಚಪ್ಪಟೆ ಮೀನುಗಳ ಒಂದು ಮಗ್ಗುಲಲ್ಲಿ ಟೀನಾಯ್ಡ್, ಇನ್ನೊಂದು ಮಗ್ಗುಲಲ್ಲಿ ಸೈಕ್ಲಾಯ್ಡ್! ಹಾಗಾದರೆ ಆ ಮೀನು ಯಾವ ಕುಲದ್ದು? ಹುರುಪೆ ಹೇಗೆ ಬದುಕುತ್ತೇನೆ ಅಂತ ಹೇಳುತ್ತದೆ. ಯಾರ ಸಂಬಂಧಿ ಅನ್ನುವುದಕ್ಕೆ ಅದೊಂದೇ ಸಾಕ್ಷಿ ಸಾಲದು. ಇವತ್ತು ಈ ಹೆಸರುಗಳು ಉಳಿದಿರುವುದು ಹುರುಪೆಯ ಆಕಾರವನ್ನು ವರ್ಣಿಸುವುದಕ್ಕಷ್ಟೇ.

ಅಗಾಸಿ ಮೀನಿಗೇ ನಿಲ್ಲಲಿಲ್ಲ ಅನ್ನುವುದೇ ನನ್ನ ತಕರಾರು. 1846ರಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದ ಆತ, ಮಾನವ ಜನಾಂಗಗಳು ಬೇರೆ ಬೇರೆಯಾಗಿಯೇ ಸೃಷ್ಟಿಯಾದವು, ಅವು ಸಮಾನವಲ್ಲ ಎಂದು ವಾದಿಸಿದ. ಅದಕ್ಕೆ ಪುರಾವೆ ಬೇಕೆಂದು 1850ರಲ್ಲಿ ದಕ್ಷಿಣ ಕೆರೊಲಿನಾದ ಗುಲಾಮರಾದ ರೆಂಟಿ, ಆತನ ಮಗಳು ಡೀಲಿಯಾ ಮುಂತಾದವರನ್ನು ಬಟ್ಟೆ ಕಳಚಿಸಿ ಫೋಟೊ ತೆಗೆಸಿದ. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆ ಚಿತ್ರಗಳು ಹಾರ್ವರ್ಡ್ ಬಳಿಯೇ ಉಳಿದವು. ರೆಂಟಿಯ ವಂಶಸ್ಥೆ ಎಂದು ಹೇಳಿದ ಮಹಿಳೆಯೊಬ್ಬರು 2019ರಲ್ಲಿ ಕೋರ್ಟಿಗೆ ಹೋದರು. 2025ರ ರಾಜಿಯಲ್ಲಿ ಅವುಗಳನ್ನು ಬಿಟ್ಟುಕೊಡಲು ಹಾರ್ವರ್ಡ್ ಒಪ್ಪಿತು.

ಮೀನಿನ ವಿಚಾರದಲ್ಲಿ ಅಗಾಸಿಯ ತಪ್ಪನ್ನು ಪುಸ್ತಕದಲ್ಲಿ ತಿದ್ದಿದರೆ ಸಾಕಾಯಿತು. ಮನುಷ್ಯರ ವಿಚಾರದಲ್ಲಿ ಅದೇ ಚಾಳಿ ಗುಲಾಮಗಿರಿಗೆ ವಿಜ್ಞಾನದ ಮುದ್ರೆ ಒತ್ತಿತು. ಹುಟ್ಟು ನೋಡಿ ಮೇಲು-ಕೀಳು ಅಳೆಯುವ ನಮ್ಮ ಊರುಗಳಲ್ಲಿ ಕೂತು ಇದನ್ನು ಓದುವಾಗ, ಅಗಾಸಿ ಅಷ್ಟೇನೂ ದೂರದವನು ಅನ್ನಿಸುವುದಿಲ್ಲ.