ಹೆಸರಿನಲ್ಲೇ ಕಳ್ಳತನ, ಮೈಯಲ್ಲೇ ನಾತ

ಮುಂಗುಸಿಯಂತೆ ಉದ್ದ ಮೈ, ಗಿಡ್ಡ ಕಾಲು. ಇಂದು ಪಶ್ಚಿಮದ ಮನೆಗಳ ಸೋಫಾದ ಮೇಲೆ ಮಲಗುವ ಫೆರೆಟ್ಟನ್ನು ಮನುಷ್ಯ ಪಳಗಿಸಿದ್ದು ಮೊಲದ ಬಿಲಕ್ಕೆ ನುಗ್ಗಿಸಲು.

ಸುಮಾರು 2,000 ವರ್ಷಗಳ ಹಿಂದೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ, ಸ್ಪೇನಿನ ಮೊಲಗಳ ಹಾವಳಿ ವಿವರಿಸುತ್ತ, ಬಾಯಿಗೆ ಕುಕ್ಕೆ ಕಟ್ಟಿ ಬಿಲಕ್ಕೆ ಬಿಡುತ್ತಿದ್ದ ಇಂಥದೇ ಪ್ರಾಣಿಯ ಮಾತು ಬರೆದಿದ್ದಾನೆ. ಕುಕ್ಕೆ ಯಾಕೆಂದರೆ, ಇಲ್ಲದಿದ್ದರೆ ಅದು ಮೊಲವನ್ನು ಒಳಗೇ ಕೊಂದು ತಿಂದು, ಅಲ್ಲೇ ನಿದ್ದೆ ಹೊಡೆಯುತ್ತದೆ! ಇಂಗ್ಲೆಂಡಿನಲ್ಲಂತೂ 1390ರ ಕಾನೂನು, ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಜಮೀನಿಲ್ಲದವರು ಫೆರೆಟ್ ಸಾಕಕೂಡದೆಂದಿತು.

ನಾತದ ತಕರಾರೂ ಹಳೆಯದೇ. ಅದರ ಪೂರ್ವಜ ಪೋಲ್‌ಕ್ಯಾಟಿನ ಲ್ಯಾಟಿನ್ ಹೆಸರಿನಲ್ಲೇ ದುರ್ವಾಸನೆಯಿದೆ. ಫೆರೆಟ್ ಎಂಬ ಪದದ ಬೇರು 'ಕಳ್ಳ'. ಕಾಲುಚೀಲ, ಕೀಲಿಕೈ ಕದ್ದು ಸೋಫಾದಡಿ ಬಚ್ಚಿಡುವುದನ್ನು ಕಂಡವರಿಗೆ ಇದು ಸರಿಯೆನಿಸೀತು. ಹೊಸದಾಗಿ ಸಾಕುವವರು ಮೂಗು ಮುಚ್ಚಿಕೊಂಡು ಪದೇ ಪದೇ ಸ್ನಾನ ಮಾಡಿಸುತ್ತಾರೆ. ಚರ್ಮ ಒಣಗಿ, ಎಣ್ಣೆ ಇನ್ನಷ್ಟು ಒಸರಿ, ನಾತ ಹೆಚ್ಚುತ್ತದೆ. ಹಾಸಿನ ಬಟ್ಟೆ ಒಗೆಯುವುದು, ಗಂಡಿಗೆ ಸಂತಾನಹರಣ ಮಾಡಿಸುವುದೇ ಮೇಲು. ಕಚ್ಚಿತೆಂದು ಹೊಡೆದರೆ ಹೆದರಿ ಮತ್ತೂ ಕಚ್ಚುತ್ತದೆ.

ನ್ಯೂಜಿಲೆಂಡಿಗೆ 1880ರ ದಶಕದಲ್ಲಿ ಮೊಲ ಹಿಡಿಯಲೆಂದು ತಂದ ಫೆರೆಟ್ಟುಗಳು ಅಲ್ಲಿನ ನೆಲದ ಹಕ್ಕಿಗಳ ಮೇಲೂ ಬಿದ್ದವು. 2002ರಿಂದ ಅಲ್ಲಿ ಅವನ್ನು ಮಾರುವುದೂ ಮರಿ ಮಾಡಿಸುವುದೂ ನಿಷಿದ್ಧ.