ನುಡಿ ಕಡತಗಳ ವಿನಿಮಯ

ವಿಂಡೋಸ್‌ನಲ್ಲಿ ನುಡಿ ತಂತ್ರಾಂಶದಿಂದ ಸಿದ್ಧಪಡಿಸಿದ ಕನ್ನಡ ಕಡತವನ್ನು ಲಿನಕ್ಸ್, ಮ್ಯಾಕ್ ಅಥವಾ ಆಂಡ್ರಾಯ್ಡ್‌ನಲ್ಲಿ ತೆರೆಯುವ ವಿಧಾನ. ನುಡಿಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಇದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವೇ ಪಿ, ಕ್ಯೂ ಅಕ್ಷರಗಳೂ ಪೌಂಡ್ ಚಿಹ್ನೆಯೂ ಬೆರೆತ ಸಾಲಾಗಿ ಕಾಣುತ್ತದೆ.

ಪರಿಹಾರ: ಅದೇ ಫಾಂಟನ್ನು ಅಳವಡಿಸಿದರೆ ಓದಬಹುದು, ಆದರೆ ಕನ್ನಡದಲ್ಲಿ ಹುಡುಕಲಾಗದು. ದಾವಣಗೆರೆ, ಹರಿಹರದ ಡಿಟಿಪಿ ಅಂಗಡಿಯಿಂದ ಲಗ್ನಪತ್ರಿಕೆಯನ್ನು ಮೊಬೈಲಿಗೆ ಕಳಿಸುವಾಗ ಫಾಂಟ್ ಅಡಕವಾದ ಪಿಡಿಎಫ್ ಸಾಕು. ತಿದ್ದಬೇಕಾದ, ಕಾಪಿಡಬೇಕಾದ ಬರಹವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಬೇಕು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಂದಿಗೆ ತಾಳೆ ನೋಡುವುದು ಅಗತ್ಯ.